ಅಂಗಡಿಯಲ್ಲಿ ಗರಿಗರಿ, ಮನೆಗೆ ಹೋದರೆ ಮೆತ್ತಗೆ

ಪ್ರಶ್ನೆ: ನಮಸ್ಕಾರ ಸರ್. ನಾನು ಮತ್ತು ನನ್ನ ಅತ್ತಿಗೆ ಸೇರಿ ಮುಂಬೈಯ ಮುಲುಂಡಿನಲ್ಲಿ ಪುಟ್ಟ ಪೈ ಬೇಕರಿ ಶುರು ಮಾಡಿ ಹದಿನಾಲ್ಕು ತಿಂಗಳಾಯಿತು. ನಮ್ಮದು ಮೂಲ ಕುಂದಾಪುರದ ಕಡೆ. ಹಿಟ್ಟಿನ ಚಿಪ್ಪಿನೊಳಗೆ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸೋದು: ಆಪಲ್ ಪೈ, ಬೇಸಿಗೆಯಲ್ಲಿ ಹಾಪೂಸ್ ಮಾವಿನ ಪೈ, ಪಾಲಕ್-ಕಾರ್ನ್ ಪೈ, ಚಿಕನ್ ಪೈ ಮಾಡುತ್ತೇವೆ. ಅಂಗಡಿಯಲ್ಲೇ ಕೂತು ತಿಂದವರು ಹೊಗಳುತ್ತಾರೆ. ಮನೆಗೆ ಒಯ್ದವರು ಮಾತ್ರ ತಳ ಒದ್ದೆ, ಒಳಗೆ ಹಸಿ ಮೈದಾ ಅಂತ ದೂರುತ್ತಾರೆ. ಮಳೆಗಾಲ ಬಂದ ಮೇಲಂತೂ ಜಾಸ್ತಿಯಾಗಿದೆ. ಒಬ್ಬರು ಫೋಟೋ ಸಮೇತ ಒಂದೇ ಸ್ಟಾರ್ ಕೊಟ್ಟರು (ಫೋಟೋ ಕಳಿಸಿದ್ದೇನೆ). ಇನ್ನೊಬ್ಬ ಗುಜರಾತಿ ಬೆಹೆನ್ ಆಪಲ್ ಪೈ ಮೊಟ್ಟೆ ವಾಸನೆ ಹೊಡೆಯುತ್ತದೆ ಅಂತ ವಾಪಸ್ ತಂದರು. ನಾವು ಹಿಟ್ಟಿಗೆ ಮೊಟ್ಟೆ ಹಾಕೋದೇ ಇಲ್ಲ, ಹೊಳಪು ಬರಲಿ ಅಂತ ಮೇಲೆ ಸವರುತ್ತೇವೆ ಅಷ್ಟೇ. 450 ರೂಪಾಯಿಗೆ ಇಷ್ಟೇನಾ ಅಂತಲೂ ಕೇಳುತ್ತಾರೆ. ಬೆಣ್ಣೆ ಬಿಟ್ಟು ಮಾರ್ಗರಿನ್ (ಎಣ್ಣೆಯಿಂದ ಮಾಡಿದ ಬೆಣ್ಣೆಯಂಥದ್ದು) ಹಾಕಿ ಅನ್ನುತ್ತಾನೆ ಸಾಮಾನು ಕೊಡುವವನು. ದೊಡ್ಡ ಓವನ್ ತಗೊಳ್ಳಿ ಅನ್ನುತ್ತಾರೆ ಭಾವ. ಪರಿಚಯದವರ ಕೈಲಿ ಐದು ಸ್ಟಾರ್ ಹಾಕಿಸೋಣ ಅನ್ನುತ್ತಾನೆ ಮಗ. ಯಾರ ಮಾತು ಕೇಳೋದು?

ಉತ್ತರ: ತುಂಬಾ ವರ್ಷಗಳ ಹಿಂದೆ ಮಾಟುಂಗಾದಲ್ಲಿ ಪರಿಚಯದವರೊಬ್ಬರು ಬೇಕರಿ ಮುಂದೆ ಕನ್ನಡದಲ್ಲೂ ‘ತಾಜಾ ಪೈ’ ಅಂತ ಬೋರ್ಡ್ ಹಾಕಿದ್ದರು. ಒಬ್ಬ ಅಜ್ಜ ಒಳಗೆ ಬಂದು, ಕೊಡೆ ಮಡಚಿ, “ನೀವು ಯಾವ ಊರಿನ ಪೈಗಳು ಮಾರಾಯ್ರೇ, ಕಾರ್ಕಳವಾ ಮಂಜೇಶ್ವರವಾ?” ಅಂತ ಕೇಳಿದರು. ನಾವೆಲ್ಲ ನಕ್ಕೆವು. ಆದರೆ ನಿಮ್ಮ ಪತ್ರ ಓದುವಾಗ ಆ ಅಜ್ಜನೇ ನೆನಪಾದರು. ನಮ್ಮ ಗಿರಾಕಿಗಳಿಗೆ ಪ್ಯಾಟಿಸ್ ಗೊತ್ತು, ಕೇಕ್ ಗೊತ್ತು. ಪೈ ಅಂದರೇನು, ಅದನ್ನು ಯಾವಾಗ ತಿನ್ನಬೇಕು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಹಾಗಾಗಿ ಪ್ಯಾಟಿಸ್ ಥರ ಬಿಸಿಬಿಸಿ ಬೇಕು ಅನ್ನುತ್ತಾರೆ, ಕೇಕ್ ಥರ ದೊಡ್ಡದಾಗಿ ಕಾಣಬೇಕು ಅನ್ನುತ್ತಾರೆ. ನಾವೂ ಏನೂ ಹೇಳದೆ ಡಬ್ಬಿ ಕಟ್ಟಿ ಕೊಡುತ್ತೇವೆ.

ನಿಮ್ಮ ದೂರುಗಳ ಪಟ್ಟಿ ಉದ್ದ ಇದೆ. ಆದರೆ ಸುಳಿವು ನಿಮ್ಮ ಪತ್ರದಲ್ಲೇ ಇದೆ: ಅಂಗಡಿಯಲ್ಲಿ ತಿಂದವರು ಹೊಗಳುತ್ತಾರೆ. ಅಂದರೆ ಪೈ ಕೆಡುತ್ತಿರುವುದು ಹೆಚ್ಚಾಗಿ ನಿಮ್ಮ ಕೌಂಟರಿಗೂ ಅವರ ಊಟದ ಮೇಜಿಗೂ ನಡುವೆ. ಹೆಚ್ಚಾಗಿ ಅಂದೆ, ಪೂರ್ತಿ ಅಲ್ಲ. ಯಾಕೆಂದರೆ ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಕತ್ತರಿಸಿದ ಕಡೆ ಕೆಳಗೆ ತೆಳುವಾಗಿ ಕಂದು ಗೆರೆ ಇದೆ. ಅದರ ಮೇಲೆ ಕಾಲು ಇಂಚಿನಷ್ಟು ಬಿಳಿ ಅಂಟು. ಆ ಕಂದು ಭಾಗ ಬೆಂದು ಆಮೇಲೆ ತೊಯ್ದದ್ದು. ಆ ಬಿಳಿ ಭಾಗ ಬೆಂದೇ ಇಲ್ಲ. ಒಂದೇ ಪೈನಲ್ಲಿ ಎರಡು ತಪ್ಪು. ಒಂದು ಡಬ್ಬಿಯದು, ಇನ್ನೊಂದು ಓವನ್ನಿನೊಳಗಿನದು. ಗಿರಾಕಿಗೆ ಎರಡೂ ‘ಒದ್ದೆ’ಯೇ. ನೀವು ಮಾತ್ರ ಬೇರೆ ಬೇರೆ ಮಾಡಿ ನೋಡಬೇಕು.

ಮೊದಲು ಡಬ್ಬಿಯ ಕಥೆ. ಚಿರೋಟಿ ಬಡಿಸೋದು ನೋಡಿದ್ದೀರಲ್ಲ? ಬಾದಾಮಿ ಹಾಲನ್ನು ಯಾರಾದರೂ ಅಡುಗೆಮನೆಯಲ್ಲೇ ಸುರಿದು ತರುತ್ತಾರಾ? ಎಲೆಗೆ ಚಿರೋಟಿ ಬಿದ್ದ ಮೇಲೆ ಹಿಂದಿನಿಂದ ಹಾಲಿನ ಪಾತ್ರೆ ಬರುತ್ತದೆ. ಪದರ ಬಿಟ್ಟ ಹಿಟ್ಟಿಗೆ ನೀರು ತಾಗಿದರೆ ಆಯುಷ್ಯ ಕೆಲವೇ ನಿಮಿಷ ಅಂತ ನಮ್ಮ ಅಡುಗೆಭಟ್ಟರಿಗೆ ಗೊತ್ತು. ಪೈ ಕೂಡ ಅದೇ ಜಾತಿ. ಚಿರೋಟಿಯಲ್ಲಿ ತುಪ್ಪ-ಅಕ್ಕಿಹಿಟ್ಟಿನ ಸಾಟಿ ಪದರ ಬಿಡಿಸುತ್ತದೆ, ಪೈನಲ್ಲಿ ತಣ್ಣನೆ ಬೆಣ್ಣೆಯ ಚೂರುಗಳು. ವ್ಯತ್ಯಾಸ ಏನೆಂದರೆ ಪೈನಲ್ಲಿ ಒದ್ದೆ ಹೂರಣ ಮೊದಲಿನಿಂದಲೇ ಒಳಗೆ ಕೂತಿರುತ್ತದೆ. ಬಿಸಿ ಇರುವಾಗ ಅದು ಉಗುಳುವ ಹಬೆ ಹೊರಗೆ ಹೋಗಲೇಬೇಕು.

ದಾದರಿನ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಾಗ ನಮಗೂ ಇದೇ ದೂರು ಬರುತ್ತಿತ್ತು. ಗಿರಾಕಿಗಳಿಗೆ ಇಟ್ಟುಕೊಳ್ಳೋಕೆ ಬರೋದಿಲ್ಲ ಅಂತ ನಾನೇ ಗೊಣಗುತ್ತಿದ್ದೆ. ಒಂದು ಜುಲೈ ಸಂಜೆ ನಾನೇ ಓವನ್ನಿನಿಂದ ಇಳಿದ ಆಪಲ್ ಪೈ ಒಂದನ್ನು ಪ್ಲಾಸ್ಟಿಕ್ ಮುಚ್ಚಳದ ಡಬ್ಬಿಗೆ ಹಾಕಿಸಿ, ಎದೆಗೆ ಅವುಚಿಕೊಂಡು ಡೊಂಬಿವಲಿ ಲೋಕಲ್ ಹತ್ತಿದೆ. ಮನೆ ಸೇರಿದಾಗ ಒಂದು ಗಂಟೆ ದಾಟಿತ್ತು. ಮುಚ್ಚಳ ತೆಗೆದರೆ ಒಳಮೈ ತುಂಬಾ ಹನಿಗಳು. ನಮ್ಮನೆ ಇಡ್ಲಿ ಪಾತ್ರೆಯ ಮುಚ್ಚಳವೇ ಸರಿ. ಆ ಹನಿಗಳೆಲ್ಲ ಅಂಚಿಗೆ ಜಾರಿ ಪೈ ಮೇಲೆ ಬೀಳುತ್ತಿದ್ದವು. ಹೆಂಡತಿ ಒಂದು ತುಂಡು ಬಾಯಿಗಿಟ್ಟು, “ಇದೇನು ಸೇಬಿನ ಕಡುಬಾ?” ಅಂದಳು. ಮಾರನೇ ದಿನದಿಂದ ಗೊಣಗೋದು ಬಿಟ್ಟೆ.

ನೀವೂ ಇದನ್ನೇ ಮಾಡಿ. ಯಾವ ಬದಲಾವಣೆಗೂ ಮೊದಲು ನಿಮ್ಮದೇ ಪೈಯನ್ನು ಗಿರಾಕಿ ಒಯ್ಯುವ ಹಾಗೆ ಒಯ್ದು, ಅವರು ತಿನ್ನುವ ಹೊತ್ತಿಗೆ ತಿನ್ನಿ. ರಾತ್ರಿ ಊಟ ಆದ ಮೇಲೆ ಒಮ್ಮೆ. ಫ್ರಿಜ್‌ನಲ್ಲಿಟ್ಟು ಮರುದಿನ ಮೈಕ್ರೋವೇವ್ ಮಾಡಿ ಇನ್ನೊಮ್ಮೆ. ಎರಡನೆಯದು ಇನ್ನೂ ಬೇಜಾರು ತರಿಸುತ್ತದೆ. ಮೈಕ್ರೋವೇವ್ ನೀರನ್ನು ಬಿಸಿ ಮಾಡಿ ಹಬೆ ಎಬ್ಬಿಸುತ್ತದೆ, ಆ ಹಬೆ ನೇರ ಹಿಟ್ಟಿನ ಪದರಕ್ಕೇ ನುಗ್ಗುತ್ತದೆ.

ಹಾಗಾದರೆ ಹಣ್ಣಿನ ಪೈಯನ್ನು ಬಿಸಿಯಾಗಿ ಮಾರೋದು ನಿಲ್ಲಿಸಿ. ಗಿರಾಕಿ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ, ಗೊತ್ತು. ಆದರೆ ಹೂರಣ ಗಟ್ಟಿಯಾಗಿ ಕೂರೋಕೆ ಮೂರು-ನಾಲ್ಕು ಗಂಟೆ ಬೇಕು. ಅದಕ್ಕೂ ಮೊದಲು ಕತ್ತರಿಸಿದರೆ ರಸ ಹರಿದು ತಳಕ್ಕೇ ಹೋಗುತ್ತದೆ. ತಂತಿಯ ಜಾಲರಿ ಮೇಲೆ ಆರಿಸಿ, ಅಡಿಯಿಂದಲೂ ಗಾಳಿ ಆಡಲಿ. ಪ್ಲಾಸ್ಟಿಕ್ ಬದಲು ರಟ್ಟಿನ ಡಬ್ಬಿ, ಪಕ್ಕದಲ್ಲಿ ನಾಲ್ಕು ತೂತು. ಹಾಗಂತ ಮುಂಬೈ ಮಳೆಗಾಲದಲ್ಲಿ ರಾತ್ರಿಯಿಡೀ ಹೊರಗೆ ಬಿಟ್ಟರೆ ಗಾಳಿಯ ತೇವವನ್ನೇ ಎಳೆದುಕೊಂಡು ಮೆತ್ತಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅವತ್ತಿನದು ಅವತ್ತೇ ಮುಗಿಯುವಷ್ಟು ಮಾತ್ರ ಮಾಡಿ.

ಚಿಕನ್ ಪೈಗೆ ಈ ಲೆಕ್ಕ ಅನ್ವಯಿಸೋದಿಲ್ಲ. ಇಲ್ಲಿ ದಯವಿಟ್ಟು ಸಲಿಗೆ ಬೇಡ. ಮಾಂಸ, ಹಾಲು, ಮೊಟ್ಟೆಯ ಹೂರಣ 5 ಡಿಗ್ರಿಗೂ 60 ಡಿಗ್ರಿಗೂ ನಡುವೆ ಇದ್ದಷ್ಟು ಹೊತ್ತೂ ರೋಗಾಣು ಬೆಳೆಯುತ್ತವೆ. ಎರಡು ಗಂಟೆ ಮಿತಿ ಅನ್ನುತ್ತಾರೆ. 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ. ಒಂದೋ ಬಿಸಿ ಗಾಜಿನ ಪೆಟ್ಟಿಗೆಯಲ್ಲಿ 60ರ ಮೇಲೆ ಇಡಿ, ಇಲ್ಲವೇ ಬೇಗ ತಣಿಸಿ ಫ್ರಿಜ್‌ಗೆ ಸೇರಿಸಿ. ಬಿಸಿ ಪೆಟ್ಟಿಗೆಯಲ್ಲಿ ಇಟ್ಟರೆ ಪದರ ಸ್ವಲ್ಪ ಸೋಲುತ್ತದೆ, ಸೋಲಲಿ. ಪಾಲಕ್-ಕಾರ್ನ್‌ನಲ್ಲಿ ಬಿಳಿ ಸಾಸ್, ಚೀಸ್ ಇದ್ದರೆ ಅದಕ್ಕೂ ಇದೇ ನಿಯಮ.

ಇನ್ನು ಓವನ್ನಿನೊಳಗಿನ ತಪ್ಪು, ಆ ಬಿಳಿ ಅಂಟು. ನಿಮ್ಮ ಭಾವ ಹೇಳುವ ದೊಡ್ಡ ಓವನ್ ಇದಕ್ಕೆ ಮದ್ದಲ್ಲ. ತಳಕ್ಕೆ ಕಾವು ಸಾಲುತ್ತಿಲ್ಲ, ಅಷ್ಟೇ. ನೀವು ಬಳಸುವ ಹೊಳೆಯುವ ಅಲ್ಯೂಮಿನಿಯಂ ಫಾಯಿಲ್ ಬಟ್ಟಲು ಕಾವನ್ನು ಹಿಂದಕ್ಕೆ ಹೊಡೆಯುತ್ತದೆ. ಮನೆಯ ಹಳೇ ಕಬ್ಬಿಣದ ದೋಸೆ ಕಾವಲಿ ಓವನ್ನಿನ ಕೆಳಗಿನ ತಟ್ಟಿನಲ್ಲಿ ಹಿಡಿಸುತ್ತದಾ ನೋಡಿ. ಹಿಡಿಸಿದರೆ ಅದನ್ನು ಅರ್ಧ ಗಂಟೆ 200 ಡಿಗ್ರಿಯಲ್ಲಿ ಕಾಯಿಸಿ, ಪೈ ಬಟ್ಟಲನ್ನು ನೇರ ಅದರ ಮೇಲಿಡಿ. ಕಾದ ಕಾವಲಿಗೆ ಹಿಟ್ಟು ಬಿದ್ದರೆ ಏನಾಗುತ್ತದೆ ಅಂತ ಕುಂದಾಪುರದವರಿಗೆ ನಾನು ಹೇಳಬೇಕಾ? ಜೊತೆಗೆ ಓವನ್ ಒಳಗೆ ಇಡುವ ಒಂದು ಚಿಕ್ಕ ಥರ್ಮಾಮೀಟರ್ ತಗೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಚಿಕ್ಕ ಓವನ್ನುಗಳ ಗುಂಡಿಯಲ್ಲಿ 200 ಅಂತಿದ್ದರೂ ಒಳಗೆ 175 ಇರೋದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇಷ್ಟೆಲ್ಲ ಮಾಡಿ, ದಿನಕ್ಕೆ ಮೂವತ್ತು-ನಲವತ್ತು ಪೈ ಖರ್ಚಾಗಿ, ಸರದಿ ನಿಭಾಯಿಸೋಕೆ ಆಗದಿದ್ದಾಗ ಓವನ್ ಮಾತು ತೆಗೆಯಿರಿ. ಈಗ ತಗೊಂಡರೆ ಸಾಲದ ಕಂತಿನ ಜೊತೆ ಅದೇ ಬಿಳಿ ಅಂಟು ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತದೆ.

ಮುಂಚೆ ತಳ ಬೇಯಿಸಿಕೊಳ್ಳುವ ಪದ್ಧತಿ ನಿಮಗೆ ಗೊತ್ತಿರಬಹುದು. ಲಟ್ಟಿಸಿದ ಕಣಕವನ್ನು ಬಟ್ಟಲಿಗೆ ಹೊಂದಿಸಿ, ಬೆಣ್ಣೆ ಕಾಗದ ಹಾಸಿ, ಕಣಕ ಉಬ್ಬದ ಹಾಗೆ ಅದರ ತುಂಬಾ ಒಣ ರಾಜ್ಮಾ ಸುರಿದು ಹದಿನೈದು-ಇಪ್ಪತ್ತು ನಿಮಿಷ. ಆಮೇಲೆ ರಾಜ್ಮಾ ತೆಗೆದು ಇನ್ನೈದು ನಿಮಿಷ. ಪಾಲಕ್ ಪೈಗೂ ಚಿಕನ್ ಪೈಗೂ ಇದನ್ನು ತಪ್ಪಿಸಬೇಡಿ. ಆ ರಾಜ್ಮಾ ಬೇಯಿಸಿ ತಿನ್ನೋಕೆ ಬರೋದಿಲ್ಲ, ಡಬ್ಬಿಯಲ್ಲಿಟ್ಟು ಅದನ್ನೇ ವರ್ಷಗಟ್ಟಲೆ ಬಳಸಿ. ಪಾಲಕ್ ಬೇಯಿಸಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಹಿಂಡಿ.

ಸೇಬಿನದು ಬೇರೆ ಕಥೆ. ಹೆಚ್ಚಿದ ಸೇಬಿಗೆ ಸಕ್ಕರೆ ಬಿದ್ದ ಕೂಡಲೇ ನೀರು ಬಿಡೋಕೆ ಶುರು. ಅದು ಓವನ್ನಿನೊಳಗೆ ಆಗೋ ಬದಲು ಹೊರಗೇ ಆಗಲಿ. ಸಕ್ಕರೆ, ನಿಂಬೆರಸ ಬೆರೆಸಿ ಅರ್ಧ ಗಂಟೆ ಬಿಡಿ. ಇಳಿದ ರಸ ಸೋಸಿ, ಬಾಣಲೆಯಲ್ಲಿ ಜೇನಿನ ಹದಕ್ಕೆ ಬತ್ತಿಸಿ, ವಾಪಸ್ ಸೇಬಿಗೇ ಹಾಕಿ. ರುಚಿಯೂ ಅದರಲ್ಲೇ ಇದೆ, ಚೆಲ್ಲಬೇಡಿ. ಕಾರ್ನ್‌ಫ್ಲೋರ್ ಹಾಕುವವರು ನೆನಪಿಡಬೇಕಾದ್ದು: ಅದು ಕುದಿ ಬಂದರೆ ಮಾತ್ರ ಪೂರ್ತಿ ಕಟ್ಟುತ್ತದೆ. ಪೈ ನಡುವಿನ ಸೀಳಿನಲ್ಲಿ ದಪ್ಪ ಗುಳ್ಳೆ ಏಳೋ ತನಕ ಓವನ್ನಿನಿಂದ ತೆಗೆಯಬಾರದು. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ, ಹೊರಗೆ ಮಾತ್ರ ತೆಗೆಯಬೇಡಿ. ಹೂರಣ ಸುರಿಯುವ ಮುಂಚೆ ತಳಕ್ಕೆ ಒಂದು ಚಮಚ ಹುರಿದ ರವೆ ಅಥವಾ ಪುಡಿ ಮಾಡಿದ ಟೋಸ್ಟ್ ಉದುರಿಸಿದರೆ ಉಳಿದ ಜಿನುಗನ್ನು ಅದು ಕುಡಿಯುತ್ತದೆ. ಕೆಂಪು ಡೆಲಿಶಿಯಸ್ ಸೇಬು ನೋಡೋಕೆ ಚೆಂದ, ಬೆಂದರೆ ಪಿಚಕ್ ಅನ್ನುತ್ತದೆ. ಗಟ್ಟಿ, ಹುಳಿ ಸೇಬನ್ನು ಅರ್ಧ ಬೆರೆಸಿ.

ಮಾರ್ಗರಿನ್ ಬಗ್ಗೆ. ನಿಮ್ಮ ಸಾಮಾನು ಕೊಡುವವನು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಬೆಣ್ಣೆ 32-35 ಡಿಗ್ರಿಗೆ ಕರಗಿಬಿಡುತ್ತದೆ. ಮೇ ತಿಂಗಳ ಮುಲುಂಡಿನಲ್ಲಿ ಅಡುಗೆಮನೆಯೇ ಅಷ್ಟಿರುತ್ತದೆ. ಪದರಕ್ಕಾಗಿ ಹಾಕಿದ ಮಾರ್ಗರಿನ್ ತಡವಾಗಿ ಕರಗುವುದರಿಂದ ಕಣಕ ಕೈಗೆ ಸುಲಭವಾಗಿ ಬಗ್ಗುತ್ತದೆ. ಆದರೆ ನಾಲಿಗೆ ಮೇಲೂ ಅದು ತಡವಾಗಿಯೇ ಕರಗುತ್ತದೆ. ಬಾಯಿಯ ಕಾವು 37ರ ಆಸುಪಾಸು. ಅದಕ್ಕೂ ಕರಗದ ಕೊಬ್ಬು ಅಂಗುಳಿಗೆ ಮೇಣದ ಹಾಗೆ ಮೆತ್ತುತ್ತದೆ. ಸೋವಿ ಪ್ಯಾಟಿಸ್ ತಿಂದ ಮೇಲೆ ಚಹಾ ಕುಡಿಯೋ ತನಕ ಸಮಾಧಾನ ಇರೋದಿಲ್ಲವಲ್ಲ, ಅದೇ. ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್ ಕೊಬ್ಬಿನ ಭಯ ಮೊದಲಿನಷ್ಟಿಲ್ಲ, 2022ರ ಜನವರಿಯಿಂದ ಅದಕ್ಕೆ ಶೇ 2ರ ಮಿತಿ ಇದೆ. ಪ್ಯಾಕೆಟ್ ಮೇಲೆ ಓದಿ ತಗೊಳ್ಳಿ ಸಾಕು. ತಳ ಒದ್ದೆಯಾಗೋದಕ್ಕೂ ಮಾರ್ಗರಿನ್ನಿಗೂ ಅಂಥ ಸಂಬಂಧ ಏನೂ ಇಲ್ಲ. ನಾನಾಗಿದ್ದರೆ ಬೆಣ್ಣೆ ಬಿಡುತ್ತಿರಲಿಲ್ಲ. ಮೈದಾ ಮೂರು, ಬೆಣ್ಣೆ ಎರಡು, ಐಸ್ ನೀರು ಒಂದು, ತೂಕದಲ್ಲಿ. ಅಳತೆಯ ಮೈದಾವನ್ನೂ ಬಟ್ಟಲನ್ನೂ ರಾತ್ರಿಯೇ ಫ್ರೀಜರ್‌ಗೆ ತಳ್ಳಿ. ಬೆಳಿಗ್ಗೆ ಆರಕ್ಕೆ, ಸೆಕೆ ಏರುವ ಮುಂಚೆ, ಕಣಕ ಕಲಸಿ ಮುಗಿಸಿ. ಮಧ್ಯಾಹ್ನದ ನಂತರ ಕಲಸಲೇಬೇಕಾಗಿ ಬರುವ ಅಂಗಡಿಗೆ ಮಾತ್ರ ಅರ್ಧ-ಅರ್ಧ ಬೆರೆಸಿ ಅನ್ನುತ್ತೇನೆ.

ಈಗ ಮೊಟ್ಟೆ. ಇಲ್ಲಿ ನಿಮಗೆ ಸ್ವಲ್ಪ ಕಹಿ ಅನ್ನಿಸಬಹುದು. ಆ ಬೆಹೆನ್ ಹೇಳಿದ್ದೇ ಸರಿ. ಹಿಟ್ಟಿಗೆ ಹಾಕಿಲ್ಲ, ಮೇಲೆ ಸವರಿದ್ದು ಅಷ್ಟೇ ಅನ್ನುವ ‘ಅಷ್ಟೇ’ ನಮಗೆ ಚಿಕ್ಕದು, ಅವರ ಮನೆಯಲ್ಲಿ ಚಿಕ್ಕದಲ್ಲ. ನಿಯಮದ ಪ್ರಕಾರವೂ ಮೊಟ್ಟೆ ತಾಗಿದ ಪದಾರ್ಥಕ್ಕೆ ಹಸಿರು ಚುಕ್ಕೆ ಹಾಕುವ ಹಾಗಿಲ್ಲ, ಮಾಂಸಾಹಾರದ ಗುರುತಾದ ಕಂದು ತ್ರಿಕೋನ ಬರಬೇಕು. ನಿಮ್ಮ ಆಪಲ್ ಪೈ ಡಬ್ಬಿ ಮೇಲೆ ಹಸಿರು ಚುಕ್ಕೆ ಇದ್ದರೆ ಇವತ್ತೇ ನಿಲ್ಲಿಸಿ. ಮುಲುಂಡಿನಂಥ ಕಡೆ, ಅಷ್ಟೊಂದು ಗುಜರಾತಿ, ಜೈನ ಮನೆಗಳಿರುವ ಕಡೆ, ಈ ಒಂದು ಮಾತು ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಹಬ್ಬಿತೆಂದರೆ ಯಾವ ಸ್ಟಾರೂ ಉಳಿಸೋದಿಲ್ಲ.

ಸಂತೋಷದ ವಿಷಯ ಏನೆಂದರೆ ಪೈ ಕಣಕಕ್ಕೆ ಮೊಟ್ಟೆಯ ಹಂಗೇ ಇಲ್ಲ. ಹೊಳಪಿಗೆ ಹಾಲಿನ ಕೆನೆಗೆ ಚಿಟಿಕೆ ಸಕ್ಕರೆ ಸೇರಿಸಿ ಸವರಿ. ಮೊಟ್ಟೆಯಷ್ಟು ಮಿರುಗೋದಿಲ್ಲ, ಬಣ್ಣ ಮಾತ್ರ ಚೆನ್ನಾಗಿ ಬರುತ್ತದೆ. ಮೊಟ್ಟೆ ಬೇಕೇಬೇಕು ಅಂದರೆ ಚಿಕನ್ ಪೈಗೆ ಮಾತ್ರ, ಬ್ರಷ್ ಬೇರೆ, ತಟ್ಟೆ ಬೇರೆ, ಓವನ್ನಿನಲ್ಲಿ ಸರದಿಯೂ ಬೇರೆ. ಮುಂದೆ ಕಸ್ಟರ್ಡ್ ಪೈ ಮಾಡುವ ಯೋಚನೆ ಇದ್ದರೆ ಹೆದರಬೇಡಿ. ಕಸ್ಟರ್ಡ್ ಪೌಡರ್ ಕಂಡುಹಿಡಿದಿದ್ದೇ ಮೊಟ್ಟೆ ಆಗದವರಿಗಾಗಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಅನ್ನುವವನು 1837ರಲ್ಲಿ ಮೊಟ್ಟೆ ಒಗ್ಗದ ತನ್ನ ಹೆಂಡತಿಗೋಸ್ಕರ ಕಾರ್ನ್‌ಫ್ಲೋರ್‌ನಿಂದ ಮಾಡಿದ್ದು. ಆದರೂ ಆ ಹಳದಿ ಬಣ್ಣ, ವೆನಿಲಾ ಪರಿಮಳ ನೋಡಿ ಜನ ಮೊಟ್ಟೆ ಅಂದುಕೊಳ್ಳುತ್ತಾರೆ. ಚೀಟಿಯಲ್ಲಿ ಬರೆದುಬಿಡಿ.

450 ರೂಪಾಯಿಯ ದೂರಿಗೆ ಒಂದೇ ಉಪಾಯ, ತೂಕ. ನಮ್ಮ ಜನಕ್ಕೆ ಅರ್ಧ ಕೇಜಿ ಕೇಕ್ ಎಷ್ಟು ಎತ್ತರ ಅಂತ ಕಣ್ಣಿಗೆ ಗೊತ್ತು. ಕೇಕಿನಲ್ಲಿ ಗಾಳಿ ಇದೆ, ಕ್ರೀಮಿನಲ್ಲೂ ಗಾಳಿ ಇದೆ. ಪೈನಲ್ಲಿ ಗಾಳಿ ಎಲ್ಲಿ? ಕೌಂಟರಿನಲ್ಲಿ ತಕ್ಕಡಿ ಇಟ್ಟು ಅವರ ಮುಂದೆಯೇ ತೂಗಿ, ಡಬ್ಬಿ ಮೇಲೆ ಗ್ರಾಂ ಬರೆದುಕೊಡಿ. ಬೆಲೆ ಇಳಿಸಬೇಡಿ. ಇಳಿಸಿದರೆ ಮೊದಲು ಬೆಣ್ಣೆಗೇ ಕತ್ತರಿ ಬೀಳೋದು.

ಮಗನ ಸಲಹೆ ಬೇಡ. ತಪ್ಪು-ಸರಿ ಹಾಗಿರಲಿ, ಅದು ಸಿಕ್ಕಿಬೀಳುತ್ತದೆ. ಒಂದೇ ವಾರದಲ್ಲಿ ಹನ್ನೆರಡು ಜನ ‘ಮುಂಬೈಯಲ್ಲೇ ಬೆಸ್ಟ್’ ಅಂತ ಬರೆದರೆ ಓದುವವರಿಗೆ ಗೊತ್ತಾಗೋದಿಲ್ವಾ? ಸುಳ್ಳು ರಿವ್ಯೂ ತಡೆಯೋಕೆ ಅಂತಲೇ 2022ರಲ್ಲಿ ಐಎಸ್ 19000 ಅನ್ನುವ ಭಾರತೀಯ ಮಾನದಂಡವೂ ಬಂದಿದೆ. ಆ ಒಂದು ಸ್ಟಾರಿನ ಕೆಳಗೆ ನೀವೇ ಬರೆಯಿರಿ. ಉದ್ದ ಬೇಡ. “ನಿಮ್ಮ ಫೋಟೋ ನೋಡಿದೆವು. ತಳ ಬೆಂದಿಲ್ಲ, ತಪ್ಪು ನಮ್ಮದು. ಬೇಯಿಸುವ ರೀತಿ, ಡಬ್ಬಿ ಎರಡೂ ಬದಲಿಸಿದ್ದೇವೆ. ಒಮ್ಮೆ ಬನ್ನಿ, ನಮ್ಮ ಲೆಕ್ಕದಲ್ಲಿ ಒಂದು ಪೈ.” ನಿಜವಾಗಿ ಬದಲಿಸಿದ ಮೇಲೆಯೇ ಇದನ್ನು ಹಾಕಬೇಕು, ಅದು ಬೇರೆ ಮಾತು. ಇದರಿಂದ ಪುಕ್ಕಟೆ ಪೈಗಾಗಿ ದೂರುವವರು ಒಬ್ಬಿಬ್ಬರು ಹುಟ್ಟಿಕೊಳ್ಳಬಹುದು. ನನ್ನ ಅನುಭವದಲ್ಲಿ ಅಂಥವರು ಬೆರಳೆಣಿಕೆಯಷ್ಟು. ಆ ನಷ್ಟ ನುಂಗಿಕೊಳ್ಳಬಹುದು.

ಡಬ್ಬಿಯೊಳಗೆ ಒಂದು ಚೀಟಿ ಹಾಕಿ. ಮರಾಠಿ, ಗುಜರಾತಿ, ಇಂಗ್ಲಿಷ್ ಮೂರೂ ಇರಲಿ. ಯಾವಾಗ ಮಾಡಿದ್ದು, ಎಷ್ಟು ಗಂಟೆಯೊಳಗೆ ತಿನ್ನಬೇಕು, ಮೈಕ್ರೋವೇವ್ ಬೇಡ, ಓವನ್ ಇದ್ದರೆ 180ರಲ್ಲಿ ಹತ್ತು-ಹನ್ನೆರಡು ನಿಮಿಷ. ಓವನ್ ಇಲ್ಲದವರೇ ಜಾಸ್ತಿ. ಅವರಿಗೆ: ದಪ್ಪ ತವಾ ಮೇಲೆ ಸಣ್ಣ ಉರಿ, ಮುಚ್ಚಳ ಓರೆ ಮಾಡಿ ಏಳೆಂಟು ನಿಮಿಷ. ಚಿಕನ್ ಪೈ ಆದರೆ ನಡುಭಾಗವೂ ಹಬೆಯಾಡುವಷ್ಟು ಕಾಯಬೇಕು ಅಂತ ಸೇರಿಸಿ. ಚೀಟಿ ಯಾರು ಓದುತ್ತಾರೆ ಅನ್ನಬೇಡಿ. ಕೊಡುವಾಗ ಬಾಯಲ್ಲೂ ಹೇಳಿ.

ಇನ್ನೂ ಒಂದು ದಾರಿ ನನ್ನ ತಲೆಯಲ್ಲಿದೆ, ಪುಟ್ಟ ಪೈ. ಗೋವಾದ ಬೇಕರಿಗಳಲ್ಲಿ ಎಂಪಾಡಿನ್ಯಾ ಅಂತ ಅಂಗೈಯಗಲದ ಮಾಂಸದ ಪೈ ಸಿಗುತ್ತದೆ, ತಿಂದಿದ್ದೀರಾ? ಚಿಕ್ಕದಾದ್ದರಿಂದ ತಳ ಚೆನ್ನಾಗಿ ಬೇಯುತ್ತದೆ, ಬೇಗ ಆರುತ್ತದೆ, ಕತ್ತರಿಸೋ ರಗಳೆ ಇಲ್ಲ, ರೈಲಿನಲ್ಲಿ ನಿಂತೇ ತಿನ್ನಬಹುದು. 450 ಕೊಡೋಕೆ ಹಿಂದೆಮುಂದೆ ನೋಡುವವರು ಒಂದೇ ಒಂದು ಕೊಂಡು ರುಚಿ ನೋಡುತ್ತಾರೆ. ತೊಂದರೆ ಏನೆಂದರೆ ಕೈಕೆಲಸ ವಿಪರೀತ. ಒಂದು ದೊಡ್ಡ ಪೈ ಮಾಡುವ ಹೊತ್ತಿಗೆ ಎಂಟು ಚಿಕ್ಕದರ ಅಂಚು ಮಡಿಚಬೇಕು. ಇಬ್ಬರೇ ಇದ್ದೀರಿ, ಅತ್ತಿಗೆಯವರನ್ನು ಕೇಳದೆ ಒಪ್ಪಿಕೊಳ್ಳಬೇಡಿ. ಬೇಯಿಸದ ಪೈಯನ್ನು ಫ್ರೀಜ್ ಮಾಡಿ ಮಾರೋದೂ ಒಂದು ದಾರಿ. ಆದರೆ ಅದು ಓವನ್ ಇರುವವರಿಗೆ ಮಾತ್ರ. ಅಂಗಡಿಯಿಂದ ಮನೆ ತನಕ ಅದು ಕರಗದೆ ಹೋಗುತ್ತದೆ ಅನ್ನುವ ಧೈರ್ಯವೂ ನನಗಿಲ್ಲ. ಸದ್ಯಕ್ಕೆ ಬೇಡ ಅನ್ನುತ್ತೇನೆ.

ಎಲ್ಲವನ್ನೂ ಒಂದೇ ವಾರ ಬದಲಿಸಬೇಡಿ. ಯಾವುದರಿಂದ ಗುಣ ಬಂತು ಅಂತ ಗೊತ್ತಾಗೋದಿಲ್ಲ. ಮೊಟ್ಟೆ ಬ್ರಷ್ ಇವತ್ತು. ಡಬ್ಬಿ ಮತ್ತು ಆರಿಸೋದು ಈ ವಾರ. ಕಾವಲಿ ಮುಂದಿನ ವಾರ. ಪ್ರತಿ ಸಲ ಒಂದು ಪೈ ಮನೆಗೆ ಒಯ್ದು, ರಾತ್ರಿ ಒಂಬತ್ತಕ್ಕೆ ತಿರುಗಿಸಿ ತಳದ ಬಣ್ಣ ನೋಡಿ, ಫೋನಿನಲ್ಲಿ ಫೋಟೋ ತೆಗೆದಿಡಿ.

ಹಾಪೂಸ್ ಪೈ ಬಗ್ಗೆ ಯಾರೂ ದೂರಿಲ್ಲ ಅಂತ ಕಾಣುತ್ತದೆ. ಆದರೂ ಹೇಳಿಬಿಡುತ್ತೇನೆ. ಬರುವ ಬೇಸಿಗೆಗೆ ಹಾಪೂಸನ್ನು ಓವನ್ನಿಗೆ ಹಾಕಲೇಬೇಡಿ. ಬೆಂದರೆ ಅದರ ಪರಿಮಳ ಹೋಗಿ ಡಬ್ಬಿ ಮಾವಿನ ರಸದ ರುಚಿ ಬರುತ್ತದೆ. ತಳವನ್ನು ರಾಜ್ಮಾ ಹಾಕಿ ಪೂರ್ತಿ ಬೇಯಿಸಿ ಆರಿಸಿ, ನೀರು ಬಸಿದ ಗಟ್ಟಿ ಮೊಸರಿಗೆ (ಚಕ್ಕಾ) ಸ್ವಲ್ಪ ಸಕ್ಕರೆ ಕಲಸಿ ಹರಡಿ, ಮೇಲೆ ಹಸಿ ಹಾಪೂಸ್ ಹೋಳು ಜೋಡಿಸಿ. ಹೋಳು ಜೋಡಿಸೋದು ಮಾತ್ರ ಗಿರಾಕಿ ಕೌಂಟರಿಗೆ ಬಂದ ಮೇಲೆ.